ಮೆರವಣಿಗೆ ಯಾರ ಮನೆ ಮುಂದೆ ಹೋಗುತ್ತಿದೆ?

1992ರ ಫೆಬ್ರುವರಿ. ಬೆಲ್‌ಫಾಸ್ಟ್‌ನ ಲೋವರ್ ಆರ್ಮೋ ರಸ್ತೆಯ ಬೆಟ್ಟಿಂಗ್ ಅಂಗಡಿಗೆ ನುಗ್ಗಿದ ಲಾಯಲಿಸ್ಟ್ (ಬ್ರಿಟನ್ ಜೊತೆಗೇ ಇರಬೇಕು ಎನ್ನುವ ಪ್ರಾಟೆಸ್ಟಂಟ್ ಉಗ್ರಪಂಥದ) ಬಂದೂಕುಧಾರಿಗಳು ಐದು ಜನ ಕ್ಯಾಥೊಲಿಕರನ್ನು ಕೊಂದರು. ಜುಲೈನಲ್ಲಿ ಪ್ರಾಟೆಸ್ಟಂಟರ ಸಂಘವಾದ ಆರೆಂಜ್ ಆರ್ಡರ್‌ನ ಮೆರವಣಿಗೆ ಅದೇ ಅಂಗಡಿ ಮುಂದೆ ಹಾದುಹೋಯಿತು. ಹೋಗುವಾಗ ಕೆಲವರು ಐದು ಬೆರಳು ಎತ್ತಿ ತೋರಿಸಿದರು.

ಉತ್ತರ ಐರ್ಲೆಂಡಿನ ಮೆರವಣಿಗೆ ಜಗಳವನ್ನು 'ಸುಮ್ನೆ ಹಳೇ ಧರ್ಮದ ಗಲಾಟೆ' ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ರಸ್ತೆ ಎಲ್ಲರದ್ದು, ನಿಜ. ಆದರೆ ಸತ್ತವರ ಮನೆಯವರು ಆ ರಸ್ತೆಯಲ್ಲೇ ಬದುಕುತ್ತಾರೆ ಅಲ್ವಾ?

ಪೋರ್ಟಡೌನ್ ಊರಿನಲ್ಲಿ ಆರೆಂಜ್‌ನವರು 1807ರಿಂದ ಡ್ರಮ್‌ಕ್ರೀ ಚರ್ಚಿಗೆ ಮೆರವಣಿಗೆ ಹೋಗುತ್ತಾರೆ. ವಾಪಸ್ ಬರುತ್ತಿದ್ದ ದಾರಿ ಐರಿಷ್ ರಾಷ್ಟ್ರವಾದಿಗಳ (ಐರ್ಲೆಂಡ್ ಒಂದಾಗಬೇಕು ಎನ್ನುವವರು, ಹೆಚ್ಚಿನವರು ಕ್ಯಾಥೊಲಿಕರು) ವಸತಿ ಇರುವ ಗಾರ್ವಾಹಿ ರೋಡ್. 1996ರಲ್ಲಿ ಪೊಲೀಸರು ಮೆರವಣಿಗೆಯನ್ನು ಆರಂಭದಲ್ಲಿ ತಡೆದರು. ಲಾಯಲಿಸ್ಟರು ಊರೂರಲ್ಲಿ ರಸ್ತೆ ಬಂದ್ ಮಾಡಿ ಬೆಂಕಿ ಹಚ್ಚಿದ ಮೇಲೆ ಅದೇ ಪೊಲೀಸರು ನಿವಾಸಿಗಳನ್ನು ಲಾಠಿಯಿಂದ ಬದಿಗೆ ತಳ್ಳಿ ದಾರಿ ಮಾಡಿಕೊಟ್ಟರು. ಗಲಾಟೆ ಜಾಸ್ತಿ ಮಾಡಿದವರಿಗೇ ರಸ್ತೆ ಎಂದು ಸರ್ಕಾರವೇ ಕಲಿಸಿದ ಹಾಗಾಯಿತು. 1998ರಲ್ಲಿ ಮೆರವಣಿಗೆಗಳ ಬಗ್ಗೆ ತೀರ್ಮಾನಿಸುವ ಪೆರೇಡ್ಸ್ ಕಮಿಷನ್ ಆ ದಾರಿಯನ್ನು ಮುಚ್ಚಿತು. ಮರುವರ್ಷ ಮಾರ್ಚ್‌ನಲ್ಲಿ ನಿವಾಸಿಗಳ ಪರ ವಕೀಲೆ ರೋಸ್‌ಮೇರಿ ನೆಲ್ಸನ್ ಅವರನ್ನು ಕಾರಿಗೆ ಬಾಂಬ್ ಇಟ್ಟು ಕೊಂದರು.

ಆ ವರ್ಷಗಳಲ್ಲಿ ಆರೆಂಜ್‌ನವರು ನಿವಾಸಿಗಳ ಜೊತೆ ನೇರವಾಗಿ ಮಾತಿಗೆ ಕೂರಲಿಲ್ಲ. ನಿವಾಸಿಗಳ ವಕ್ತಾರ ಬ್ರೆಂಡನ್ ಮೆಕೆನ್ನಾ ಹಿಂದೆ ಜೈಲಿಗೆ ಹೋಗಿದ್ದ ರಿಪಬ್ಲಿಕನ್ (ಬ್ರಿಟನ್ ಆಳ್ವಿಕೆ ಬೇಡ ಎನ್ನುವ ಕಟ್ಟಾ ರಾಷ್ಟ್ರವಾದಿ) ಎಂಬುದು ಅವರ ಕಾರಣ. ರಿಪಬ್ಲಿಕನ್ನರು ಈ ಹೋರಾಟ ಕಟ್ಟುವುದರಲ್ಲಿ ಇದ್ದದ್ದು ನಿಜವೇ. ಹಾಗಂತ ಆ ಬೀದಿಯ ಜನರ ಸಿಟ್ಟು ಸುಳ್ಳಾಗುವುದಿಲ್ಲ. ಯಾರು ಸಂಘಟಿಸಿದರು ಎಂದು ಕೇಳುತ್ತಾ ಕೂತರೆ ಬಾಗಿಲ ಹಿಂದೆ ಕೂತವರ ಮಾತು ಯಾರಿಗೂ ಕೇಳಿಸುವುದಿಲ್ಲ.

ನಾನು ಗಾರ್ವಾಹಿ ರೋಡ್ ನಿವಾಸಿಗಳ ಪರ. ಅದಕ್ಕೇ 2013ರ ಕಾಸಲ್‌ಡರ್ಗ್ ಬಗ್ಗೆಯೂ ಮಾತಾಡಲೇಬೇಕು. ರಿಪಬ್ಲಿಕನ್ನರ ಸಶಸ್ತ್ರ ಸಂಘಟನೆ ಐಆರ್‌ಎ ನಡೆಸಿದ ದಾಳಿಗಳಲ್ಲಿ ಹಲವರನ್ನು ಕಳೆದುಕೊಂಡ ಊರು ಅದು. 1973ರಲ್ಲಿ ತಮ್ಮದೇ ಬಾಂಬ್ ಸಿಡಿದು ಸತ್ತ ಇಬ್ಬರು ಐಆರ್‌ಎ ಸದಸ್ಯರ ನೆನಪಿಗೆ ರಿಪಬ್ಲಿಕನ್ನರು ಅಲ್ಲಿ ಮೆರವಣಿಗೆ ಮಾಡಿದರು. ಐಆರ್‌ಎಗೆ ಬಲಿಯಾದವರ ಮನೆಯವರು ಬೇಡ ಎಂದರೂ ಕೇಳಲಿಲ್ಲ. ತಮ್ಮವರನ್ನು ನೆನೆಯಬಾರದು ಎಂದು ನಾನು ಹೇಳುತ್ತಿಲ್ಲ. ಆದರೆ ಆರ್ಮೋದಲ್ಲಿ ಕೇಳಿದ ಮರ್ಯಾದೆಯನ್ನು ಇಲ್ಲಿ ಕೊಡಲಿಲ್ಲ.

ಡೆರಿ ನಗರದಲ್ಲಿ ಮೆರವಣಿಗೆ ನಡೆಸುವ ಪ್ರಾಟೆಸ್ಟಂಟರ ಅಪ್ರೆಂಟಿಸ್ ಬಾಯ್ಸ್ ಸಂಘದವರೂ ಕ್ಯಾಥೊಲಿಕರ ಬಾಗ್‌ಸೈಡ್ ಬಡಾವಣೆಯ ನಿವಾಸಿಗಳೂ ಊರಿನ ವ್ಯಾಪಾರಿಗಳ ನೆರವಿನಿಂದ ಮಾತಾಡಿ ದಾರಿ ಕಂಡುಕೊಂಡರು. ಬೆಲ್‌ಫಾಸ್ಟ್‌ನ ಆರ್ಡೋಯ್ನ್ ಬಳಿ, ಸಂಜೆ ವಾಪಸ್ ಬರುವ ಮೆರವಣಿಗೆಯನ್ನು ತಡೆದರು ಎಂದು 2013ರಿಂದ ಲಾಯಲಿಸ್ಟರ ಪ್ರತಿಭಟನಾ ಶಿಬಿರವಿತ್ತು. 2016ರಲ್ಲಿ ಅದು ಮುಗಿದದ್ದೂ ಆರೆಂಜ್‌ನವರು ಅಲ್ಲಿನ ಒಂದು ನಿವಾಸಿ ಗುಂಪಿನ ಜೊತೆ ಮಾಡಿಕೊಂಡ ಒಪ್ಪಂದದಿಂದಲೇ. ಒಂದು ಬೆಳಿಗ್ಗೆ ಮೆರವಣಿಗೆ ಹೋಯಿತು, ಮುಂದೆ ಒಪ್ಪಿಗೆ ಇಲ್ಲದೆ ಸಂಜೆಯ ಮೆರವಣಿಗೆ ಕೇಳುವುದಿಲ್ಲ ಎಂದಾಯಿತು. ಅಲ್ಲಿನ ಇನ್ನೊಂದು ನಿವಾಸಿ ಗುಂಪು ಇದನ್ನು ವಿರೋಧಿಸಿತು. ಅವರ ನೋವು ಅರ್ಥವಾಗುತ್ತದೆ. ಆದರೂ ಒಪ್ಪಂದ ಮಾಡಿಕೊಂಡವರೇ ಸರಿ ಎನ್ನುತ್ತೇನೆ.