ಕೊನೇ ಬೆಂಚು ಬಸ್ಸಿನ ಟೈಮಿಗೆ ಸಿಕ್ಕಿದ್ದು

ನಮ್ಮ ರಾಯಚೂರು, ಕೊಪ್ಪಳ ಕಡೆಯ ಹೈಸ್ಕೂಲಿನ ಒಂಬತ್ತನೇ ತರಗತಿಯ ಮಕ್ಕಳನ್ನು ಕೇಳಿ ನೋಡಿ, ಐದು ನಿಮಿಷದಲ್ಲಿ ಇಡೀ ಕ್ಲಾಸನ್ನು ಪಾಲು ಮಾಡಿ ತೋರಿಸುತ್ತಾರೆ. ಶಾಣ್ಯಾರು ಅಂದರೆ ಜಾಣರು, ಲಾಸ್ಟ್ ಬೆಂಚಿನವರು, ಹಾಸ್ಟೆಲ್ ಮಂದಿ, ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರು, ಲಂಬಾಣಿ ತಾಂಡಾದವರು, ಕಬಡ್ಡಿಯವರು. ಹುಡುಗರ ಜೊತೆ ನಿಂತು ನಕ್ಕು ಮಾತಾಡಿದ ಹುಡುಗಿಗೆ ಇನ್ನೊಂದು ಹೆಸರಿರುತ್ತದೆ, ಅದನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. "ಈ ವಯಸ್ಸೇ ಹಂಗ, ಗುಂಪು ಕಟ್ಕೊಂಡು ತಿರಗತಾವ" ಅಂತ ದೊಡ್ಡವರು ಸುಮ್ಮನಾಗುತ್ತಾರೆ. ಆದರೆ ಈ ಗುಂಪುಗಳಲ್ಲಿ ಬಹುಪಾಲು ನಾವೇ ಕಟ್ಟಿಕೊಟ್ಟವು.

ಲಾಸ್ಟ್ ಬೆಂಚನ್ನೇ ತಗೊಳ್ಳಿ. ಹಳ್ಳಿ ಮಕ್ಕಳ ಬಸ್ಸು ಎಷ್ಟೋ ಕಡೆ ಪ್ರಾರ್ಥನೆ ಮುಗಿದ ಮೇಲೆ ಬಂದು ನಿಲ್ಲುತ್ತದೆ. ಅಷ್ಟೊತ್ತಿಗೆ ಊರಿನ ಮಕ್ಕಳು ಮುಂದೆ ಕೂತಾಗಿರುತ್ತದೆ, ಉಳಿದಿರುವುದು ಹಿಂದಿನ ಜಾಗ. ಅಲ್ಲಿಂದ ಬೋರ್ಡಿನ ಕೆಳಗಿನ ಸಾಲು ಕಾಣುವುದಿಲ್ಲ. ಸಂಜೆ ವಿಶೇಷ ತರಗತಿಗೆ ಕೂತರೆ ಬಸ್ಸು ತಪ್ಪುತ್ತದೆ, ಅದಕ್ಕೇ ಎದ್ದು ಹೋಗುತ್ತಾರೆ. ಆಗಸ್ಟ್ ಹೊತ್ತಿಗೆ "ಅವ್ರಿಗೆ ಓದೋ ಆಸಕ್ತಿ ಇಲ್ಲ" ಎಂಬ ಮಾತು ಸ್ಟಾಫ್ ರೂಮಿನಲ್ಲಿ ಹುಟ್ಟುತ್ತದೆ. ದಸರಾ ರಜೆ ಮುಗಿಯುವಷ್ಟರಲ್ಲಿ ಆ ಮಕ್ಕಳೂ ಅದನ್ನೇ ನಂಬಿರುತ್ತಾರೆ. ಹತ್ತಿ ಬಿಡಿಸುವ ದಿನಗಳಲ್ಲಿ ಹೊಲಕ್ಕೆ ಹೋದವರದೂ, ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋಗಿ ಬಂದವರದೂ ಇದೇ ಕಥೆ. ತಪ್ಪಿದ್ದು ಮೂರು ಪಾಠ, ಅಂಟಿದ್ದು ದಡ್ಡ ಎಂಬ ಹೆಸರು. ಉರ್ದು ಮಾಧ್ಯಮದಲ್ಲಿ ಏಳನೇ ತರಗತಿ ಮುಗಿಸಿ ಕನ್ನಡ ಮಾಧ್ಯಮಕ್ಕೆ ಬಂದ ಹುಡುಗಿ ಲೆಕ್ಕವನ್ನು ಬಾಯಲ್ಲೇ ಬಿಡಿಸುತ್ತಾಳೆ, ಬರೆಯುವಾಗ ಒತ್ತಕ್ಷರ ತಪ್ಪುತ್ತಾಳೆ. ಎಲ್ಲರೂ ನೋಡುವುದು ಒತ್ತಕ್ಷರವನ್ನು.

ಬೆಂಚಿನ ಪರಿಹಾರ ಸುಲಭ. ಪ್ರತಿ ಸೋಮವಾರ ಎಲ್ಲರೂ ಒಂದು ಸಾಲು ಹಿಂದಕ್ಕೆ, ಕೊನೇ ಸಾಲು ಮುಂದಕ್ಕೆ. ಆರು ಸಾಲಿದ್ದರೆ ಆರು ವಾರಕ್ಕೊಮ್ಮೆ ಎಲ್ಲರಿಗೂ ಮುಂದಿನ ಬೆಂಚು. ಕಣ್ಣಿನ ತೊಂದರೆ ಇರುವವರನ್ನು ಮಾತ್ರ ಇದರಿಂದ ಬಿಡಿ. ಬಸ್ಸಿನ ಮಕ್ಕಳು ತಡವಾಗಿ ಬಂದರೂ ಅವರ ಸಾಲು ಖಾಲಿ ಇರಬೇಕು, ಇಲ್ಲದಿದ್ದರೆ ಎರಡನೇ ವಾರಕ್ಕೇ ಪದ್ಧತಿ ಮುರಿಯುತ್ತದೆ.

ಹತ್ತನೇ ತರಗತಿಯ ಪಾಸಿಂಗ್ ಪ್ಯಾಕೇಜ್ ಬಗ್ಗೆ ನನಗೆ ಸಿಟ್ಟಿದೆ. ಹಿಂದುಳಿದವರಿಗೆ ಆಯ್ದ ಪ್ರಶ್ನೆಗಳನ್ನು ಕಲಿಸುವುದರಲ್ಲಿ ತಪ್ಪಿಲ್ಲ. ತಪ್ಪಿರುವುದು ಹೆಸರು ಓದಿ, ಎಬ್ಬಿಸಿ, ಬೇರೆ ಕೋಣೆಗೆ ಕಳಿಸುವುದರಲ್ಲಿ. ಪಟ್ಟಿಯನ್ನು ವಿಷಯವಾರು ಮಾಡಿ. ಗಣಿತದಲ್ಲಿ ಆ ಗುಂಪಿಗೆ ಹೋದವನು ಸಮಾಜ ವಿಜ್ಞಾನದಲ್ಲಿ ಈ ಗುಂಪಿನಲ್ಲಿ ಇರಲಿ, ಪ್ರತಿ ಕಿರುಪರೀಕ್ಷೆ ಆದ ಮೇಲೆ ಪಟ್ಟಿ ಬದಲಾಗಲಿ. ಪಟ್ಟಿ ಬದಲಾಗದೆ ವರ್ಷವಿಡೀ ನಿಂತರೆ ಅದೇ ಆ ಹುಡುಗನ ಅಡ್ಡಹೆಸರಾಗುತ್ತದೆ.

ಗುಂಪುಗಳನ್ನು ಬೆರೆಸಲು ಗೊತ್ತಿರುವ ಒಳ್ಳೆಯ ದಾರಿ ಒಂದಿದೆ. 1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿ ಬೇರೆ ಬೇರೆ ಜನಾಂಗದ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದಾಗ ಜಗಳಗಳಾದವು. ಎಲಿಯಟ್ ಆರನ್‌ಸನ್ ಎಂಬ ಮನಃಶಾಸ್ತ್ರಜ್ಞ ಆಗ ಜಿಗ್ಸಾ ಪದ್ಧತಿ ತಂದರು. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುವುದು, ಉಳಿದವರು ಅದನ್ನು ಅವರ ಬಾಯಿಂದಲೇ ಕಲಿಯುವುದು.

ನಮ್ಮಲ್ಲಿ ಇದಕ್ಕೆ ತುಂಗಭದ್ರಾ ಜಲಾಶಯಕ್ಕಿಂತ ಒಳ್ಳೆಯ ವಿಷಯ ಸಿಗದು. 48 ಮಕ್ಕಳಿದ್ದರೆ ಆರು ಜನರ ಎಂಟು ತಂಡ, ಆರು ತುಂಡು: ಅಣೆಕಟ್ಟಿನ 33 ಗೇಟುಗಳು ಮತ್ತು 2024ರ ಆಗಸ್ಟಿನಲ್ಲಿ 19ನೇ ಗೇಟಿನ ಚೈನು ತುಂಡಾದದ್ದು, ಹೂಳು, ಎಡದಂಡೆ ಕಾಲುವೆ, ಆಂಧ್ರದಿಂದ ಬಂದವರ ಕ್ಯಾಂಪುಗಳು, ಭತ್ತದ ಬೆಳೆ, ಕಾಲುವೆಯ ಕೊನೆಯಲ್ಲಿದ್ದು ನೀರು ಮುಟ್ಟದ ಟೇಲೆಂಡ್ ಹಳ್ಳಿಗಳು. ಕಾಲುವೆ ಗದ್ದೆಯ ಮನೆಯಿಂದ ಬಂದ ಹುಡುಗಿಗೆ ನಾಟಿ ಗೊತ್ತು, ಟೇಲೆಂಡಿನ ಹುಡುಗನಿಗೆ ನೀರು ಬಾರದ ವರ್ಷ ಮನೆಯಲ್ಲಿ ಏನಾಗುತ್ತದೆಂದು ಗೊತ್ತು. ಮೊದಲ ರ್‍ಯಾಂಕಿನವನು ಪೆನ್ನು ಹಿಡಿದು ಅವರನ್ನು ಕೇಳಬೇಕಾಗುತ್ತದೆ. ಇದನ್ನು ಯಾವ ಭಾಷಣವೂ ಮಾಡಿಸಲಾರದು.

40 ನಿಮಿಷದ ಎರಡು ಪಿರಿಯಡ್ ಒಟ್ಟಿಗೆ ಬೇಕು. ತಮ್ಮ ತುಂಡು ಓದಲು 10 ನಿಮಿಷ. ಆಮೇಲೆ ಒಂದೇ ತುಂಡಿನ ಎಂಟು ಮಕ್ಕಳು ನಾಲ್ಕು ನಾಲ್ಕಾಗಿ ಕೂತು 20 ನಿಮಿಷ ತಯಾರಿ. ಮತ್ತೆ ತಂಡಕ್ಕೆ ಮರಳಿ ತಲಾ 5 ನಿಮಿಷದಂತೆ 30. ಕೊನೆಗೆ 15 ನಿಮಿಷದ ಪರೀಕ್ಷೆ, ಒಬ್ಬೊಬ್ಬರೇ ಬರೆಯುವುದು. ಉಳಿದ ಐದು ನಿಮಿಷ ಬೆಂಚು ಎಳೆದಾಡುವುದಕ್ಕೇ ಹೋಗುತ್ತದೆ.

ಕೆಡುವುದು ಎಲ್ಲಿ ಅಂದರೆ, ತಂಡ ಆರಿಸುವುದನ್ನು ಮಕ್ಕಳಿಗೇ ಬಿಟ್ಟಾಗ ಹಳೇ ಗುಂಪೇ ಎದ್ದು ಬರುತ್ತದೆ. ಶಿಕ್ಷಕರೇ ಪಟ್ಟಿ ಮಾಡಬೇಕು. ತಾಂಡಾದ ಒಂದೇ ಮಗುವನ್ನು ಐದು ಜನರ ನಡುವೆ ಕೂರಿಸಿದರೆ ಅದು ಬಾಯಿ ಬಿಡುವುದಿಲ್ಲ, ಇಬ್ಬರನ್ನು ಹಾಕಿ. ಶಾಣ್ಯಾ ಹುಡುಗ ಪಕ್ಕದವನ ಹಾಳೆ ಕಸಿದು ತಾನೇ ಓದಿಬಿಡುತ್ತಾನೆ, ಹಾಗಾಗಿ ತಂಡಕ್ಕೆ ಮರಳುವಾಗ ಹಾಳೆ ಶಿಕ್ಷಕರ ಮೇಜಿನ ಮೇಲಿರಲಿ. ಅವಸರಕ್ಕೆ ತಯಾರಿಯ 20 ನಿಮಿಷ ಕತ್ತರಿಸಿದರೆ ನಿಧಾನವಾಗಿ ಓದುವವರು ಎಲ್ಲರೆದುರು ತಡವರಿಸಿ ಇನ್ನಷ್ಟು ಕುಗ್ಗುತ್ತಾರೆ. ನನಗೆ ಇದಕ್ಕಿಂತ ಭಯ ಹುಟ್ಟಿಸುವುದು ಇನ್ನೊಂದಿಲ್ಲ. ಹಾಜರಾತಿ ಕಡಿಮೆ ಇರುವ ವಾರ ಒಂದು ತುಂಡೇ ಕಾಣೆಯಾಗುತ್ತದೆ, ಆಗ ಐದು ತುಂಡಿಗೆ ಇಳಿಸಿ.

ಇದನ್ನು ಹತ್ತನೇ ತರಗತಿಯ ಜನವರಿಯಲ್ಲಿ ಶುರು ಮಾಡಬೇಡಿ, ಆಗ ಎಲ್ಲರ ಕಣ್ಣೂ ಎಸ್ಸೆಸ್ಸೆಲ್ಸಿ ಅಂಕಗಳ ಮೇಲೆ. ಎಂಟನೇ ತರಗತಿಯ ಜುಲೈಯಲ್ಲಿ ಶುರು ಮಾಡಿ, ವಾರಕ್ಕೊಂದು ಪಾಠದಂತೆ ಹತ್ತಿ ಬಿಡಿಸುವ ಮುಂಚೆ ಹತ್ತಾದರೂ ಪಾಠ ಆಗಲಿ. ಹೊಲಕ್ಕೆ ಹೋದ ಹುಡುಗಿ ಮರಳಿ ಬಂದ ದಿನ ತಪ್ಪಿದ ಪಾಠ ಹೇಳಿಕೊಡಲು ತಂಡದ ಐದು ಜನ ಇರುತ್ತಾರೆ.