ಸೇವಂತಿಗೆ ಎಕ್ಸ್, ಬಾಳೆಹಣ್ಣು ವೈ

ವರಮಹಾಲಕ್ಷ್ಮಿ ಹಬ್ಬಕ್ಕೆ ದೇವರಾಜ ಮಾರುಕಟ್ಟೆಗೆ ಹೋಗೋರು ಚೀಲ ಹಿಡಿದು ಹೊರಡುತ್ತಾರೆ; ನಾವು ಗ್ರಾಫ್ ಹಾಳೆಯನ್ನೂ ಹಿಡಿದೆವು. ಪಿಯುಸಿ ಓದುವ ಮಗಳಿಗೆ ರೇಖೀಯ ಅಸಮತೆಯ ಪಾಠ ಮುಗಿದಿತ್ತು, ನನಗೆ ಸಂಬಳ ಮುಗಿದಿತ್ತು.

ಸೇವಂತಿಗೆ ಎಕ್ಸ್ ಮಾರು, ಮಾರಿಗೆ 80 ರೂಪಾಯಿ. ಏಲಕ್ಕಿ ಬಾಳೆ ವೈ ಕೆಜಿ, ಕೆಜಿಗೆ 100. ಜೇಬಲ್ಲಿ 800. ಅಲ್ಲಿಗೆ 80ಎಕ್ಸ್ + 100ವೈ ≤ 800, ಅಂದರೆ ಖರ್ಚು 800 ದಾಟಬಾರದು. ಮಗಳು ಗೆರೆ ಎಳೆದು, ಕೆಳಗಿನ ತ್ರಿಕೋನಕ್ಕೆ ಪೆನ್ಸಿಲ್ ತಿಕ್ಕಿ, "ಇದರೊಳಗೆ ಎಲ್ಲಿ ಬೇಕಾದ್ರೂ ನಿಂತ್ಕೋ ಅಪ್ಪ, ಸಾಲ ಆಗಲ್ಲ" ಅಂದಳು. ಎಂಥ ನೆಮ್ಮದಿಯ ತ್ರಿಕೋನ!

ಅಷ್ಟರಲ್ಲಿ ನನ್ನಾಕೆ ಬಂದಳು. "ಆರು ಮಾರಿಗಿಂತ ಕಮ್ಮಿಯಾದ್ರೆ ಕಳಶ ಬೋಳು ಕಾಣುತ್ತೆ. ಕುಂಕುಮಕ್ಕೆ ಬರೋರಿಗೆ ನಾಲ್ಕು ಕೆಜಿ ಹಣ್ಣಾದ್ರೂ ಬೇಡ್ವೇನ್ರೀ?" ಎಕ್ಸ್ ≥ 6, ವೈ ≥ 4. ಮೊತ್ತ 880. ಮತ್ತೆರಡು ಗೆರೆ ಬಿದ್ದಿದ್ದೇ ತಡ, ಎಲ್ಲ ಷರತ್ತಿಗೂ ಒಗ್ಗುವ ಪರಿಹಾರ ಪ್ರದೇಶವೇ ಮಾಯ.

"ಹಣ್ಣು ಕಮ್ಮಿ ಮಾಡೋಣ" ಅಂದೆ. ಅಸಮತೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಚಿಹ್ನೆ ಆ ಕಡೆಗೆ ತಿರುಗುತ್ತದೆ. ನಮ್ಮನೇಲಿ ನಾನು ಬೇಡ ಅಂದಾಗಲೂ ಅದೇ. ನಾಲ್ಕು ಕೆಜಿ ಐದಾಯಿತು.

ಮಗಳು ಜಾರ್ಜ್ ಸ್ಟಿಗ್ಲರ್ ಕತೆ ತೆಗೆದಳು. ಅಮೆರಿಕದ ಅರ್ಥಶಾಸ್ತ್ರಜ್ಞ, ಮುಂದೆ 1982ರಲ್ಲಿ ನೊಬೆಲ್ ಪಡೆದವರು. ಪೌಷ್ಟಿಕಾಂಶ ಇಷ್ಟಕ್ಕಿಂತ ಕಮ್ಮಿ ಆಗಬಾರದು, ಖರ್ಚು ಮಾತ್ರ ಆದಷ್ಟೂ ಇಳಿಯಬೇಕು ಅಂತ 77 ಪದಾರ್ಥ ಮುಂದಿಟ್ಟುಕೊಂಡು ಲೆಕ್ಕ ಹಾಕಿ 1945ರಲ್ಲಿ ಪ್ರಕಟಿಸಿದರು. ಉಳಿದದ್ದು ಗೋಧಿ ಹಿಟ್ಟು, ಡಬ್ಬಿ ಹಾಲು, ಎಲೆಕೋಸು, ಪಾಲಕ್, ಒಣಗಿದ ಬೀನ್ಸ್ ಕಾಳು. 1939ರ ಬೆಲೆಯಲ್ಲಿ ವರ್ಷಕ್ಕೆ 39.93 ಡಾಲರ್.

"ವರ್ಷವೆಲ್ಲ ಕೋಸೇ? ಅವರ ಮನೇಲಿ ಹೆಂಗಸರು ಒಪ್ಕೊಂಡ್ರೇನೇ?" ಅಂತ ನನ್ನ ಅಮ್ಮ ಕೇಳಿದರು. ಸ್ಟಿಗ್ಲರ್ ಈ ನಿರ್ಬಂಧ ಸೇರಿಸಿರಲಿಲ್ಲ.

ಪುಸ್ತಕದಲ್ಲಿ 80, 100 ಅನ್ನೋ ಸಹಗುಣಕಗಳು ಕಲ್ಲಿನಂತೆ ಕೂತಿರುತ್ತವೆ. ಅಮ್ಮ ಹೂವಿನ ಸಾಲಿಗೆ ಹೊಕ್ಕು, "ಏನಪ್ಪಾ, ದಿನಾ ಬರೋರಿಗೂ ಹಬ್ಬದ ರೇಟೇ?" ಅಂದರು. 80 ಇದ್ದದ್ದು 60ಕ್ಕಿಳಿಯಿತು. ಹಣ್ಣಿನವನೂ 80ಕ್ಕೆ ಬಂದ. ಆರು ಮಾರು, ಐದು ಕೆಜಿ, ಒಟ್ಟು 760. ಮೇಲೆ ಕೊಸರು ಅಂತ ಒಂದು ಮೊಳ ಮಲ್ಲಿಗೆ. ಮಗಳು ಅದನ್ನು ಯಾವ ಅಕ್ಷದ ಮೇಲೆ ಗುರುತು ಹಾಕೋದು ಅಂತ ಪೆನ್ಸಿಲ್ ಕಚ್ಚುತ್ತಾ ನಿಂತಳು.

ಉಳಿದ 40 ರೂಪಾಯಿ ಹಿಡಿದು ನಾನು ಗೆಲುವಾಗಿ ಆಟೋ ಕೈಮಾಡಿದೆ.

"ನೂರೈವತ್ತು ಕೊಡಿ ಸಾರ್, ಹಬ್ಬ."

"ಅಮ್ಮಾ," ಅಂತ ಮೂವರೂ ಒಟ್ಟಿಗೇ ಕೂಗಿದೆವು.