ಬಲಗಾಲಿಗೆ ಐದು ತೂತು

ಹಿಂದೆ ಪಟ್ಟಿ ಇರುವ ನಮ್ಮ ಕೊಲ್ಹಾಪುರಿ ಚಪ್ಪಲಿಯನ್ನು ನಕಲು ಮಾಡಿ, ನಮ್ಮ ತಪ್ಪನ್ನೂ ಬಿಡದೆ ಎತ್ತಿಕೊಂಡಿದ್ದಾರೆ! ಎಡಗಾಲಿನ ಚಪ್ಪಲಿಯ ಕಿವಿಗೆ, ಅಂದರೆ ಪಕ್ಕದ ಚರ್ಮದ ತುಂಡಿಗೆ, 4 ತೂತು, ಬಲಗಾಲಿನದಕ್ಕೆ 5. ಅದು ಡಿಸೈನ್ ಅಲ್ಲ. ಅಥಣಿಯ ಕಾಕಾ ಮೊದಲ ಜೋಡಿ ಹೊಲಿಯುವಾಗ ಲೆಕ್ಕ ತಪ್ಪಿದ್ದರು. ಖಡೇಬಜಾರಿನ ಆ ಅಂಗಡಿಯ ಗಾಜಿನ ಹಿಂದೆ ಇವತ್ತು ಸಾಲಾಗಿ ಇಟ್ಟಿದ್ದ ಜೋಡಿಗಳಿಗೆಲ್ಲ ಬಲಗಾಲಿಗೆ 5 ತೂತು. ಮೇಲೆ ಬೋರ್ಡು: 'ನಮ್ಮದೇ ಹೊಸ ಡಿಸೈನ್'.

ಒಳಗೆ ಹೋದೆ. ಜಗಳಕ್ಕಲ್ಲ. "ಮಾಲಕ್ರ, ಇದು ನಾ ಮಾರಾಕ ಕೊಟ್ಟಿದ್ದ ಜೋಡಿ ಅಲ್ರಿ?" ಎಂದು ಕೇಳಿದೆ. ಅಂಗಡಿ ತುಂಬ ಗಿರಾಕಿಗಳು. ಮಾಲಕರು ನೋಟು ಎಣಿಸುವುದನ್ನೂ ನಿಲ್ಲಿಸಲಿಲ್ಲ. "ಏ ತಂಗಿ, ಹಿಂದಿನ ಪಟ್ಟಿ ನೀ ಹುಟ್ಟೂಕಿಂತ ಮೊದಲ ಇತ್ತು. ನಾಳೆ ಹೆಬ್ಬೆರಳೂ ನಂದ ಅಂತೀ ಏನ?"

ಎಲ್ಲರೂ ನಕ್ಕರು. ಚಪ್ಪಲಿ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಆಗ ಒಬ್ಬ ಅಕ್ಕ ಹತ್ತಿರ ಬಂದು "ಇದರಾಗ 6 ನಂಬರ್ ಐತೇನವಾ?" ಎಂದರು. ಅಂಗಡಿಯ ಹುಡುಗಿ ಅಂದುಕೊಂಡಿದ್ದರು. "ಅವರಿಗೆ ಕೇಳ್ರಿ ಅಕ್ಕಾ" ಎಂದೆ. ಅಷ್ಟೇ! ತೂತು ಎಣಿಸಿ ತೋರಿಸಬೇಕಿತ್ತು. ಬಾಯೇ ಬರಲಿಲ್ಲ. ಅವರು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು "ಹಿಮ್ಮಡಿ ಜಾರೂದಿಲ್ಲ ನೋಡ್ರಿ" ಎಂದರು. ಹಿಮ್ಮಡಿ ಜಾರಬಾರದು ಅಂತಲೇ ನಾಲ್ಕು ತಿಂಗಳು ಬೆಳಗಾವಿಗೂ ಅಥಣಿಗೂ ಓಡಾಡಿದ್ದು ನಾನು. ಮೊಳೆ ಇಲ್ಲ, ಬಕಲ್ ಇಲ್ಲ. ಪಟ್ಟಿ ಎರಡೂ ಕಿವಿಗಳೊಳಗೆ ಹಾದು ಚರ್ಮದ ದಾರದಲ್ಲೇ ನಿಲ್ಲಬೇಕು. 11 ಜೋಡಿ ಹಾಳಾದ ಮೇಲೆ ನಿಂತಿತು.

ಹೌದು, ಹಿಂದಿನ ಪಟ್ಟಿ ಹಳೆಯದೇ. ಚಪ್ಪಲಿಯೂ ನನ್ನದಲ್ಲ. ಮೇಲಿನ ಜಡೆ ಹೆಣಿಗೆ ಕಾಕಾನ ಅಪ್ಪನದು. ಅದಕ್ಕೇ ಡಬ್ಬಿಯ ಮೇಲೆ ಕಾಕಾನ ಹೆಸರು ಮೊದಲು, ನನ್ನದು ಆಮೇಲೆ. ಎರಡು ಸಾಲು ಬರೆಯುವುದು ಇವರಿಗೆ ಅಷ್ಟು ಕಷ್ಟವಾ?

2025ರ ಜೂನಿನಲ್ಲಿ ಮಿಲಾನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾದವರು ಕೊಲ್ಹಾಪುರಿಯಂಥ ಚಪ್ಪಲಿ ತೋರಿಸಿ ನಮ್ಮ ಹೆಸರೇ ಎತ್ತದಿದ್ದಾಗ ಇದೇ ಮಾಲಕರು ಬಂದವರ ಮುಂದೆಲ್ಲ ಕೂಗಾಡಿದ್ದರು. 2019ರ ಜಿಐ ಟ್ಯಾಗ್ (ಇಂಥ ಊರಿನ ವಸ್ತು ಅಂತ ಸರ್ಕಾರ ಕೊಡುವ ಗುರುತು) ಬರೀ ಮಹಾರಾಷ್ಟ್ರದ್ದಲ್ಲ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ್ದೂ ಹೌದು, ಕಳ್ಳರು ಅವರು ಅಂತ. ನಾನೂ ಕೌಂಟರ್ ಮುಂದೆ ನಿಂತು ಹೌದೌದು ಎಂದಿದ್ದೆ. ಕೊನೆಗೆ ಪ್ರಾಡಾದವರೂ ಅದು ಭಾರತದ ಚಪ್ಪಲಿಯಿಂದ ಬಂದದ್ದು ಎಂದು ಒಪ್ಪಿದರು. ಖಡೇಬಜಾರಿನಲ್ಲಿ ಒಪ್ಪುವವರು ಯಾರು? ಯಾರಾದರೂ ಹೇಳಿ!

ವಕೀಲರಿಗೆ ಫೋನ್ ಮಾಡಿದೆ. 2000ದ ಡಿಸೈನ್ ಕಾಯ್ದೆಯಡಿ ನೋಂದಣಿ ಆದರೆ 10 ವರ್ಷ ರಕ್ಷಣೆ, ಮತ್ತೆ 5 ವರ್ಷ ಮುಂದುವರಿಸಬಹುದಂತೆ. ಆದರೆ ಅರ್ಜಿಯನ್ನು ಪೇಟೆಗೆ ತರುವ ಮೊದಲೇ ಹಾಕಬೇಕು. ನಾನು ಆಗಲೇ ಮಾರಿಬಿಟ್ಟಿದ್ದೇನೆ. ಜಿಐ ಕಾಯುವುದು ಕೊಲ್ಹಾಪುರಿ ಅನ್ನೋ ಹೆಸರನ್ನು, ನನ್ನ ಪಟ್ಟಿಯನ್ನಲ್ಲ. ಅಂದರೆ ಮುಗೀತು. ಬಿಟ್ಟುಬಿಡಬೇಕು.

ಬಿಡಲಿಕ್ಕೆ ಆಗುತ್ತಿಲ್ಲ. ಮಾರಾಟಕ್ಕೆ ಅಂತ 6 ಜೋಡಿ ಕೊಟ್ಟಿದ್ದೆ. "ಯಾರೂ ಕೇಳವಲ್ಲರು" ಎಂದು 5 ವಾಪಸ್ ಕೊಟ್ಟರು. ಆರನೆಯದು ಎಲ್ಲಿ ಅಂತ ನಾನು ಕೇಳಲೇ ಇಲ್ಲ. ದುಡ್ಡು ಬೇಡ ಮಾಲಕ್ರ. ಆ ಬೋರ್ಡಿನಿಂದ 'ನಮ್ಮದೇ' ಅಳಿಸಿ, ಸಾಕು. ಅಲ್ಲ, ಸಾಕಾಗಲ್ಲ. ಕಾಕಾನ ಹೆಸರು ಬರೆಯಿರಿ.

ಸಂಜೆ ಕಾಕಾಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಒಂದೇ ಕೇಳಿದರು: "ಅವರ ಹೊಲಿಗಿ ಗಟ್ಟಿ ಐತೇನವಾ?"

ನಾನು ಎಳೆದು ನೋಡಿರಲಿಲ್ಲ.